ಶ್ಯಾವಿಗೆ ಒಣಹಾಕಿದ ತಂತಿ

ನಮ್ಮ ಮನೆಗೆ ಇಂಟರ್ನೆಟ್ ಬಂದದ್ದು ತಲಬಾಗಿಲಿನಿಂದಲ್ಲ, ಬೆಳಕಿಂಡಿಯಿಂದ. ನವಲಗುಂದದ ಕಡೆ ಮಣ್ಣಿನ ಮಾಳಿಗೆ ಮನೆಗಳಿಗೆ ಕಿಟಕಿ ಕಡಿಮೆ. ಮಾಳಿಗೆಯಲ್ಲಿ ಬಿಟ್ಟ ಒಂದು ಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಕೆಳಗಿಳಿಯುತ್ತದೆ, ಆ ಕೋಲು ಸರಿದಂತೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತದೆ, ಮಳೆ ಬಂದರೆ ಯಾರಾದರೂ ಓಡಿ ಮೇಲೊಂದು ತಗಡು ಮುಚ್ಚಿ ಬರಬೇಕು. ಆ ಕಿಂಡಿಯಿಂದಲೇ ಅಪ್ಪ ಒಂದು ನೀಲಿ ಕೇಬಲ್ ಇಳಿಬಿಟ್ಟರು. ಅದು ಗೋಡೆಗುಂಟ ಬಂದು ಪಡಸಾಲೆಯ ಗೂಡಿನಲ್ಲಿ, ಹಿಂದೆ ಚಿಮಣಿ ದೀಪ ಇಡುತ್ತಿದ್ದ ಜಾಗದಲ್ಲಿ, ಒಂದು ಕರಿ ಡಬ್ಬಿಯೊಳಗೆ ಹೋಯಿತು. ಡಬ್ಬಿಯ ಮೈಮೇಲೆ ಸಾಲಾಗಿ ಹಸಿರು ದೀಪಗಳು. ಹಗಲಲ್ಲೂ ನಸುಗತ್ತಲೆ ಇರುವ ಆ ಪಡಸಾಲೆಯಲ್ಲಿ ಅವು ಒಂದೇ ಸಮ ಮಿಟುಕುತ್ತಿದ್ದವು, ಒಂದೊಂದು ಒಂದೊಂದು ತಾಳಕ್ಕೆ. ಒಳಗೆ ಯಾರೋ ಕೂತು ರೆಪ್ಪೆ ಬಡಿಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋಗಬೇಕಾದರೆ ಆ ಗೂಡಿನ ಮುಂದೆಯೇ ಹಾದು ಹೋಗಬೇಕು. ನಾನು ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಡಬ್ಬಿಯ ಮೇಲಿಟ್ಟು, ಅಡ್ಡಡ್ಡ ನಡೆದು ಹೋಗುತ್ತಿದ್ದೆ. ಅವ್ವ ನೋಡಿ ನಗುತ್ತಿದ್ದಳು.

ಈಗ ನಾನು ಆ ಸೀಮೆಯ ಕೆಲವು ಊರುಗಳಿಗೆ ಗಾಜಿನ ಎಳೆ ಎಳೆದು ಮನೆಮನೆಗೆ ನೆಟ್ ಕೊಡುತ್ತೇನೆ. ಕಂಬದವರ ಜೊತೆ, ಪಂಚಾಯಿತಿಯವರ ಜೊತೆ, ದಿನಾ ಸಿಟ್ಟು ಮಾಡಿಕೊಳ್ಳುವ ಗಿರಾಕಿಗಳ ಜೊತೆ ಚೌಕಾಸಿ ಮಾಡುವುದೇ ನನ್ನ ಬದುಕು. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಧೈರ್ಯದ ಮಾತು ಬಿಡಿ. ಈ ವಿದ್ಯೆಯನ್ನು ನಾನು ಕಲಿತದ್ದು ಹೆದರಿ. ಯಾವುದಕ್ಕೆ ಹೆದರುತ್ತೀರೋ ಅದರ ಬಾಜು ಕೂತು ಅದು ಹೇಗೆ ನಡೆಯುತ್ತದೆ ಎಂದು ಕೇಳಿಕೊಳ್ಳಿ, ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಅಪ್ಪ ಮೊದಲಿಗೆ ಊರಿಗೆ ಟಿ.ವಿ. ಕೇಬಲ್ ಕೊಡುತ್ತಿದ್ದರು. ಜನ ಮನೆಮನೆಗೆ ಡಿಶ್ ಟಿ.ವಿ. ತಾಟು ಹಾಕಿಸಿಕೊಳ್ಳತೊಡಗಿದ ಮೇಲೆ ಆ ಧಂದೆ ಸೊರಗಿತು. ಆಗಿನ್ನೂ ಮೊಬೈಲಿನಲ್ಲಿ ನೆಟ್ ನೆಟ್ಟಗೆ ಸಿಗುತ್ತಿರಲಿಲ್ಲ. ನವಲಗುಂದದ ಒಂದು ಎತ್ತರದ ಕಟ್ಟಡದಿಂದ ಗಾಳಿಯಲ್ಲಿ ನೆಟ್ ಹಿಡಿದು, ನಮ್ಮ ಮಾಳಿಗೆಯ ಮೇಲಿನ ಕಬ್ಬಿಣದ ಕಂಬಕ್ಕೆ ಕಟ್ಟಿದ ಬುಟ್ಟಿಯಂಥ ತಾಟಿಗೆ ಇಳಿಸಿ, ಅಲ್ಲಿಂದ ಓಣಿಯ ಮನೆಗಳಿಗೆ ಹಂಚುವುದು ಅಪ್ಪನ ವಿಚಾರ. ಮಾಳಿಗೆಯಿಂದ ಮಾಳಿಗೆಗೆ ಒಂದು ಗಟ್ಟಿ ಕಬ್ಬಿಣದ ತಂತಿ ಬಿಗಿದು, ಅದಕ್ಕೆ ನೀಲಿ ಕೇಬಲ್ ಸುತ್ತಿಕೊಂಡು ಹೋಗಬೇಕು. ಆದರೆ ಮಾಳಿಗೆ ಅಂದರೆ ಹೆಂಗಸರ ರಾಜ್ಯ. ಮೆಣಸಿನಕಾಯಿ, ಸಂಡಿಗೆ, ಹಪ್ಪಳ, ಹಾಸಿಗೆ, ಜಗಳ, ಎಲ್ಲ ಒಣಗುವುದು ಅಲ್ಲಿಯೇ. ಅವರ ಒಪ್ಪಿಗೆ ಇಲ್ಲದೆ ಅಲ್ಲಿ ದಾರವನ್ನೂ ಕಟ್ಟುವಂತಿಲ್ಲ. ಅಪ್ಪನ ಕೈಯಲ್ಲಿ ಕೊಡಲು ದುಡ್ಡಿರಲಿಲ್ಲ. ಆಗ ಮಾತಿಗೆ ಇಳಿದವಳು ಆಯಿ, ನಮ್ಮಪ್ಪನ ತಾಯಿ. ಸಂತೆಯಲ್ಲಿ ಬದನೆಕಾಯಿ ಮಾರುವವರು ಅವಳನ್ನು ದೂರದಿಂದ ಕಂಡರೇ ಗೋಣಿ ಮುಚ್ಚುತ್ತಿದ್ದರು ಅನ್ನುವಂಥ ಹೆಸರು. ಅವಳು ನನ್ನ ಕೈ ಹಿಡಿದುಕೊಂಡು, ಅಪ್ಪನನ್ನು ಹಿಂದಿಟ್ಟುಕೊಂಡು ಮನೆಮನೆ ತಿರುಗಿದಳು. ಓಣಿಯ ನಡುವಿನ ಶಾಂತವ್ವ ದೊಡ್ಡವ್ವನ ಮನೆಯಲ್ಲಿ ಆದ ಮಾತು ನನಗೆ ಇವತ್ತಿಗೂ ಬಾಯಿಪಾಠ.

“ತಂತಿ ನಿನ್ನ ಮಾಳಿಗಿ ಮ್ಯಾಲೆ ಹಾದು ಹೋಗ್ತೈತಿ ಶಾಂತವ್ವಾ. ನಿನಗೇನೂ ತ್ರಾಸಿಲ್ಲ.”

“ತ್ರಾಸಿಲ್ಲಂದ್ರ ಮುಗೀತೇನ್ ಆಯಿ? ಫಾಯ್ದೆ ಏನೈತಿ ಹೇಳ್ರಿ.”

“ಬ್ಯಾಸಗ್ಯಾಗ ಶ್ಯಾವಿಗಿ ಹಾಕಾಕ ಹಗ್ಗಾ ಕಟ್ತಿ. ಅದು ಜೋಲು ಬೀಳತೈತಿ, ನಾರು ಹತ್ತತೈತಿ. ಈ ತಂತಿ ನೋಡು, ಅಗದಿ ಬಿಗಿ. ಮದಲ ಒದ್ದಿ ಅರಿವೀಲೆ ಒರಸು, ಆಮ್ಯಾಲೆ ಬೇಕಾದಷ್ಟು ಹಾಕು. ನಾ ಬ್ಯಾಡನ್ನಂಗಿಲ್ಲ.”

“ಅದರಾಗ ಕರೆಂಟ್ ಇರಂಗಿಲ್ಲೇನ್ರಿ?”

ಅಪ್ಪ ಮುಂದೆ ಬಂದು ಎದೆಯ ಮೇಲೆ ಕೈ ಇಟ್ಟರು. “ಕರೆಂಟ್ ಎಲ್ಲಿದು ಅಕ್ಕಾ? ಇದು ಬರೇ ಮಾತು ಹೋಗೂ ತಂತಿ. ಹುಡುಗ್ರು ಜೋಕಾಲಿ ಆಡಿದ್ರೂ ಏನಾಗಂಗಿಲ್ಲ. ನಾ ಹೇಳಾಕತ್ತೀನಲ್ಲ.”

ಆ ಮಾತು ಆಗ ಸುಳ್ಳಲ್ಲ. ಓಣಿಯ ಮಾಳಿಗೆಗಳೆಲ್ಲ ಒಂದಾದ ಮೇಲೊಂದು ಒಪ್ಪಿದವು. ಆ ಬೇಸಿಗೆಯಿಂದ ನಮ್ಮ ಊರಿನ ಇಂಟರ್ನೆಟ್ಟಿನ ಮೇಲೆ ಶ್ಯಾವಿಗೆ ಒಣಗತೊಡಗಿತು.

ತಾಟು ಕೂರಿಸಲು ಅಣ್ಣಿಗೇರಿಯಿಂದ ರಿಯಾಜಣ್ಣ ಎಂಬ ಇಂಜಿನಿಯರ್ ಬಂದಿದ್ದ. ಕೆಲಸ ಮುಗಿಯುವ ತನಕ ನಮ್ಮ ಮನೆಯಲ್ಲೇ ಊಟ. ಮಾತು ಹೆಚ್ಚು, ರೊಟ್ಟಿ ಅದಕ್ಕಿಂತ ಹೆಚ್ಚು. ನಾನು ಡಬ್ಬಿಗೆ ಹೆದರಿ ಅಡ್ಡಡ್ಡ ನಡೆಯುವುದನ್ನು ಅವನು ಮೊದಲ ದಿನವೇ ನೋಡಿದ. ಅವ್ವ ಬಡಿಸಿದ ಖಟಿ ಜೋಳದ ರೊಟ್ಟಿಯನ್ನು ನನ್ನ ಮುಂದೆ ಹಿಡಿದು ಕೇಳಿದ.

“ಗಿರಿಜಾ, ಈ ರೊಟ್ಟೀನ ಇಡಿಯಾಗಿ ಆ ಬೆಳಕಿಂಡ್ಯಾಗ ತೂರಿಸಿ ಬಾಜು ಮನಿಗೆ ಕಳಸು ನೋಡೂಣು.”

“ಹಿಡಸಂಗಿಲ್ಲ.”

“ಮುರದು ತುಂಡು ಮಾಡಿದ್ರ?” ಅವನು ಪಟಪಟ ಮುರಿದ. “ಒಂದೊಂದು ತುಂಡಿನ ಮ್ಯಾಲೆ ಎರಡು ವಿಳಾಸ ಬರೀಬೇಕು, ಎಲ್ಲಿಂದ ಹೊಂಟೈತಿ, ಎಲ್ಲಿಗೆ ಮುಟ್ಟಬೇಕು. ಎಷ್ಟನೇ ತುಂಡು ಅಂತನೂ ಬರೀಬೇಕು. ಒಂದು ತುಂಡು ಈ ಓಣ್ಯಾಗ ಹೋಗ್ಲಿ, ಇನ್ನೊಂದು ಆ ಓಣ್ಯಾಗ ಹೋಗ್ಲಿ. ಮುಟ್ಟಿದ ಮ್ಯಾಲೆ ಅಲ್ಲಿದ್ದಾಂವ ಜೋಡಸ್ತಾನ. ಮೂರನೇ ತುಂಡು ಬಂದಿಲ್ಲಂದ್ರ, ‘ಮೂರನೇದು ಮತ್ತ ಕಳಸು’ ಅಂತಾನ. ಇಷ್ಟ ನೋಡು ಇಂಟರ್ನೆಟ್ಟು.”

“ನಡುವ ಯಾರರ ತಿಂದ್ರ?” ಎಂದಳು ಆಯಿ, ಗೋಡೆಯ ಕಡೆಯಿಂದ.

“ತಿನ್ನೋರು ಅದಾರ್ರಿ ಆಯಿ. ಅದಕ್ಕ ಕಿಮ್ಮತ್ತಿನ ರೊಟ್ಟಿ ಡಬ್ಬ್ಯಾಗ ಹಾಕಿ ಕೀಲಿ ಹಾಕಿ ಕಳಸ್ತಾರ.”

ಅವನು ಹೇಳುತ್ತ ಹೋದಂತೆ ನನಗೆ ತಿಳಿವಳಿಕೆಯೂ ಬಂತು, ಭಯವೂ ಬೆಳೆಯಿತು. ಪ್ರತಿ ಮನೆಯ ಡಬ್ಬಿಗೂ ಒಂದು ಅಂಕಿ, ಉದ್ದನೆಯ ಅಂಕಿ, ಕೊನೆಯದಷ್ಟೇ ಬೇರೆ. ನಮ್ಮದು ಒಂದು. ಮಾಳಿಗೆಯ ಸಾಲಿನಂತೆಯೇ ಮುಂದಿನ ಮನೆಗಳು ಎರಡು, ಮೂರು ಎಂದು ನಡೆದು, ಶಾಂತವ್ವ ದೊಡ್ಡವ್ವನ ಮನೆ ಏಳು. ನಾವು ಹೆಸರು ಬರೆದರೆ ಅದರ ಅಂಕಿ ಯಾವುದೆಂದು ಹೇಳಲು ದೂರದಲ್ಲೊಂದು ಯಂತ್ರ ಇರುತ್ತದೆ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಹೊಸಬರಿಗೆ ಯಾರ ಮನೆ ಎಲ್ಲಿ ಎಂದು ಹೇಳಿದ ಹಾಗೆ. ನಮ್ಮ ಡಬ್ಬಿಗೆ ಗೊತ್ತಿಲ್ಲದ್ದನ್ನು ಅದು ನವಲಗುಂದಕ್ಕೆ ಕೇಳುತ್ತದೆ, ನವಲಗುಂದ ಹುಬ್ಬಳ್ಳಿಗೆ ದಾಟಿಸುತ್ತದೆ, ಹುಬ್ಬಳ್ಳಿ ಇನ್ನೂ ಮುಂದಕ್ಕೆ. ಕಡೆಗೆ ಸಮುದ್ರದ ಬುಡದಲ್ಲೂ ತಂತಿ ಹಾಕಿದ್ದಾರೆ ಎಂದಾಗ ಆಯಿ ಎದ್ದು ಒಳಗೆ ಹೋದಳು. “ನೀರಾಗ ತಂತಿ ಹಾಕೂ ಮಂದಿ ಜೋಡಿ ನಮಗೇನ್ ಕೆಲಸ!” ಎಂದು ಗೊಣಗಿದ್ದು ಕೇಳಿಸಿತು. ನನಗೆ ಬೇರೆಯೇ ಚಿಂತೆ. ಎಲ್ಲ ಮನೆಗಳೂ ಒಂದೇ ದಾರದಲ್ಲಿ ಪೋಣಿಸಿದ ಹಾಗಾದರೆ, ಒಂದು ಮನೆಗೆ ಬಂದದ್ದು ಇನ್ನೊಂದು ಮನೆಗೂ ಬರುವುದಿಲ್ಲವೇ? ಆ ಮಾತನ್ನು ರಿಯಾಜಣ್ಣನಿಗೆ ಕೇಳಿಯೂ ಕೇಳಿದೆ. ಅವನು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದ. ಮಕ್ಕಳು ಕೇಳಿದ ಪ್ರಶ್ನೆಗೆ ದೊಡ್ಡವರು ತುತ್ತು ಇಳಿಸಿದರೆ ಅದು ಸರಿಯಾದ ಪ್ರಶ್ನೆ ಎಂದು ತಿಳಿಯಿರಿ.

“ಬರತೈತಿ,” ಎಂದ. “ದಾರಿ ಅಂದಮ್ಯಾಲೆ ಬೇಕಾದ್ದೂ ಬರತೈತಿ, ಬ್ಯಾಡಾದ್ದೂ ಬರತೈತಿ. ಅದಕ್ಕ ದಾರಿ ಕಾಯೋದು ಕಲೀಬೇಕು.”

ಹೊರಡುವ ಮುಂಚೆ ಅವನು ಕಾಯುವ ಒಂದು ಉಪಾಯ ಕಲಿಸಿದ. ಕಂಪ್ಯೂಟರಿನ ಕರಿ ಪರದೆಯಲ್ಲಿ ಒಂದು ಚಿಕ್ಕ ಮಾತು ಬರೆದು ಮುಂದೆ ಒಂದು ಮನೆಯ ಅಂಕಿ ಹಾಕಿದರೆ, ಆ ಮನೆಯ ಡಬ್ಬಿ ಇದ್ದಲ್ಲಿಂದಲೇ ಓಗೊಡುತ್ತದೆ. ಪಿಂಗ್ ಅನ್ನುತ್ತಾರೆ ಅದಕ್ಕೆ. ಮಾಳಿಗೆಯ ಮೇಲೆ ನಿಂತು “ಶಾಂತವ್ವೋ” ಎಂದರೆ ಅವಳು “ಓ” ಎಂದ ಹಾಗೆ. ನೆಟ್ ಹೋಯಿತೆಂದು ಗಿರಾಕಿಗಳು ಕೂಗಾಡಿದರೆ ಮೊದಲು ಒಂದೊಂದೇ ಮನೆಯನ್ನು ಕರೆಯುತ್ತ ಹೋಗು. ಎಲ್ಲಿಯವರೆಗೆ ಓಗೊಡುತ್ತಾರೋ ಅಲ್ಲಿಯವರೆಗೆ ದಾರಿ ಸರಿ ಇದೆ. ಯಾರು ಓಗೊಡುವುದಿಲ್ಲವೋ ಅವರ ಮುಂದೆಯೇ ಏನೋ ಆಗಿದೆ. ಅಪ್ಪನಿಗೆ ಈ ಕರಿ ಪರದೆ ಒಗ್ಗಲಿಲ್ಲ. ಅವರು ಕೇಬಲ್ಲಿನ ಜನ, ಏಣಿ ಹಾಕಿ ಕೈಯಿಂದ ಜಗ್ಗಿ ನೋಡುವವರು. ಹಾಗಾಗಿ ಕರೆಯುವ ಕೆಲಸ ನನಗೆ ಬಂತು. ಉತ್ತರ ಬಾರದ ಮನೆಗೆ ಪರದೆ ಇಂಗ್ಲಿಷಿನಲ್ಲಿ ‘ಕಾದು ಸಾಕಾಯಿತು’ ಎಂಬರ್ಥದ ಒಂದು ಸಾಲು ತೋರಿಸುತ್ತಿತ್ತು. ಆ ಸಾಲು ಕಂಡಾಗಲೆಲ್ಲ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು. ಬಹಳ ಸಲ ಅವರು ಡಬ್ಬಿಯ ಪಿನ್ನು ಕಿತ್ತು ಮಿಕ್ಸರ್ ಹಚ್ಚಿರುತ್ತಿದ್ದರು ಅಷ್ಟೇ.

ಎರಡನೆಯ ಬೇಸಿಗೆ. ಶಾಲೆಗೆ ರಜೆ. ಹಿಂದಿನ ಸಂಜೆ ಮಳೆಯಿಲ್ಲದೆ ಬರೀ ಗಾಳಿ ಬೀಸಿ, ಹೊಲದ ಕರಿಮಣ್ಣೆಲ್ಲ ಊರೊಳಗೆ ಬಂದು ಬಿದ್ದಿತ್ತು. ಅಪ್ಪ ಮುಂಜಾನೆಯ ಬಸ್ಸಿಗೆ ಸಾಮಾನು ತರಲು ಹುಬ್ಬಳ್ಳಿಗೆ ಹೋದರು. ಅವತ್ತು ಶಾಂತವ್ವ ದೊಡ್ಡವ್ವನ ಮನೆಯ ಶ್ಯಾವಿಗೆ. ನಮ್ಮ ಕಡೆ ಒಬ್ಬರ ಮನೆಯ ಶ್ಯಾವಿಗೆಗೆ ಓಣಿಯ ಹೆಂಗಸರೆಲ್ಲ ಸೇರುತ್ತಾರೆ, ನಾಳೆ ಅವರ ಮನೆಗೆ ಇವರು. ನಸುಕಿನಲ್ಲೇ ಮಾಳಿಗೆ ಸಾರಿಸಿ, ಮಣೆ ಏರಿಸಿ, ನಾದಿಟ್ಟ ಹಿಟ್ಟಿನ ಬೋಗುಣಿ ಇಟ್ಟುಕೊಂಡು ಕೂತರೆಂದರೆ, ಒಬ್ಬಳು ಮಣೆಯ ಮೇಲೆ ಹೊಸೆಯುತ್ತಾಳೆ, ಒಬ್ಬಳು ಇಳಿದುಬರುವ ಎಳೆಯನ್ನು ಕೋಲಿಗೆ ಹಿಡಿಯುತ್ತಾಳೆ, ಇನ್ನೊಬ್ಬಳು ಅದನ್ನು ಕೋಲಿನಿಂದ ತಂತಿಗೆ ಜಾರಿಸುತ್ತಾಳೆ. ಈ ಕೊನೆಯ ಕೆಲಸಕ್ಕೆ ಎತ್ತರದವರು ಬೇಕು. ಓಣಿಯಲ್ಲಿ ನಮ್ಮವ್ವನೇ ಎತ್ತರ. ಅವತ್ತು ಗಾಳಿ ತಂದ ಮಣ್ಣು ಗುಡಿಸಿ ಸಾರಿಸುವುದರಲ್ಲೇ ಹೊತ್ತೇರಿತ್ತು. ಅವಳು ಆಯಿಗೂ ನನಗೂ ರೊಟ್ಟಿ, ಹೆಸರುಕಾಳಿನ ಪಲ್ಲೆ ಮುಚ್ಚಿಟ್ಟು ಹೋಗಿದ್ದಳು.

ನಾನು ರೊಟ್ಟಿಗೆ ಗುರೆಳ್ಳು ಹಿಂಡಿ ಹಚ್ಚಿಕೊಂಡು ಕೂತಿದ್ದೆ. ಡಬ್ಬಿಯ ದೀಪವೊಂದು ಮಿಟುಕುವುದನ್ನು ಬಿಟ್ಟು ಸುಮ್ಮನೆ ಕೆಂಪಾಯಿತು. ಅಷ್ಟರಲ್ಲಿ ಓಣಿಯ ಆಚೆ ತುದಿಯ ಮಾಸ್ತರರ ಫೋನು. ನೆಟ್ ಹೋಗಿದೆ, ರಿಸಲ್ಟ್ ನೋಡಬೇಕು ಎಂದು. ನಾನು ರೂಢಿಯಂತೆ ಕರಿ ಪರದೆ ತೆರೆದು ಕರೆಯತೊಡಗಿದೆ. ಎರಡು ಓಗೊಟ್ಟಿತು. ಮೂರು, ನಾಲ್ಕು, ಐದು, ಆರು ಓಗೊಟ್ಟವು. ಏಳು ಇಲ್ಲ. ಎಂಟು ಇಲ್ಲ. ಅಲ್ಲಿಂದ ಮುಂದೆ ಊರೇ ಇಲ್ಲ. ಆರಕ್ಕೂ ಏಳಕ್ಕೂ ನಡುವೆ ಒಂದು ಸಣ್ಣ ಸಂದಿ ಇದೆ, ತಂತಿ ಆ ಸಂದಿಯ ಮೇಲೆ ದಾಟುತ್ತದೆ, ಬಾಜೂಕೆ ಕರೆಂಟಿನ ಕಂಬ. ಹಿಂದಿನ ದಿನದ ಗಾಳಿಗೆ ಕೇಬಲ್ ಹರಿದಿರಬೇಕು ಎಂದುಕೊಂಡೆ. ದೂರದಿಂದ ಕಾಣುತ್ತದೋ ನೋಡೋಣ ಎಂದು ನಿಚ್ಚಣಿಕೆ ಹತ್ತಿ ನಮ್ಮ ಮಾಳಿಗೆಗೆ ಹೋದೆ. ಕಣ್ಣಿಗೆ ಬಿಸಿಲು. ಒಂದು ಕೈ ಹಣೆಗಿಟ್ಟುಕೊಂಡು, ಇನ್ನೊಂದನ್ನು ತಾಟಿನ ಕಬ್ಬಿಣದ ಕಂಬಕ್ಕೆ ಆನಿಸಲು ಹೋದೆ. ಬೆರಳ ಹಿಂಭಾಗ ತಾಗಿತಷ್ಟೇ. ಮೊಣಕೈಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಗಿ ನಾನು ಕೂತುಬಿಟ್ಟೆ.

ಕಂಬಕ್ಕೆ ಕಟ್ಟಿದ ಕಬ್ಬಿಣದ ತಂತಿ ಮಾಳಿಗೆಯಿಂದ ಮಾಳಿಗೆಗೆ ಹೋಗುವುದನ್ನು ಕಣ್ಣು ತಾನೇ ಹಿಂಬಾಲಿಸಿತು. ದೂರದಲ್ಲಿ ಆ ಸಂದಿಯ ಮೇಲೆ ಯಾರದೋ ಮನೆಗೆ ಹೋಗುವ ಕರೆಂಟಿನ ವೈರು ಜೋತುಬಿದ್ದು ನಮ್ಮ ತಂತಿಯ ಮೇಲೆ ಒರಗಿತ್ತು. ಗಾಳಿಗೆ ಒಂದಕ್ಕೊಂದು ಉಜ್ಜಿ ಮೇಲಿನ ಹೊದಿಕೆ ಹರಿದಿರಬೇಕು. ಅದರಾಚೆ ಏಳನೆಯ ಮಾಳಿಗೆ. ಹೆಂಗಸರ ಸೆರಗುಗಳು. ಎಲ್ಲರಿಗಿಂತ ಎತ್ತರಕ್ಕೆ ಒಂದು ಹಸಿರು ಸೀರೆ. ಶ್ಯಾವಿಗೆ ಹಾಕುವ ಮುಂಚೆ ಅವ್ವ ತಂತಿಯನ್ನು ಒದ್ದೆ ಅರಿವೆಯಿಂದ ಒರೆಸುತ್ತಾಳೆ. ಬರಿಗಾಲು. ಕೆಳಗೆ ಸಾರಿಸಿದ ಹಸಿ ನೆಲ.

ಮಾಳಿಗೆಗಳ ಮೇಲಿಂದ ಓಡಿದರೆ ಹತ್ತಿರ, ಆದರೆ ಉದ್ದಕ್ಕೂ ಆ ತಂತಿಯ ಬಾಜೂಕೆ ಓಡಬೇಕು. ಕೆಳಗಿಳಿದು ಓಣಿಯಲ್ಲಿ ಓಡಿದೆ. ಚಪ್ಪಲಿ ಇರಲಿಲ್ಲ, ನೆಲ ಸುಡುತ್ತಿತ್ತು. ಶಾಂತವ್ವ ದೊಡ್ಡವ್ವನ ಮನೆಯ ಮುಂದೆ ನಿಂತು ಮೇಲೆ ನೋಡಿದರೆ, ಅವ್ವ ಅರಿವೆ ಹಿಂಡುತ್ತಿದ್ದಳು. ಹಿಂಡಿದ ನೀರು ಮಾಳಿಗೆಯ ಅಂಚಿನ ಕುಂಬಿಯಿಂದ ನನ್ನ ಮುಂದೆಯೇ ಬಿತ್ತು.

“ತಂತಿ ಮುಟ್ಟಬ್ಯಾಡ್ರಿ! ಅದರಾಗ ಕರೆಂಟ್ ಬಂದೈತಿ!”

ಮಣೆಯ ಮೇಲಿದ್ದ ಫಕ್ಕೀರವ್ವ ಮೊದಲು ನಕ್ಕಳು. ಅವಳ ನಾಲಿಗೆ ಓಣಿಗೆಲ್ಲ ಗೊತ್ತು. “ಬಂತವ್ವಾ ಇಂಟರ್ನೆಟ್ ಇನಿಸ್ಪೆಟ್ರು!”

“ಖರೇನ ಹೇಳಾಕತ್ತೀನಿ. ನನಗ ಹೊಡೀತು!”

“ಹೊಡದ್ರ ಹಿಂಗ ಓಡಿ ಬರ್ತಿದ್ದೇನ ಲೇ?” ಶಾಂತವ್ವ ದೊಡ್ಡವ್ವ ಕುಂಬಿಯಿಂದ ಬಗ್ಗಿ ನೋಡಿದಳು. “ನಿಮ್ಮಪ್ಪನೇ ಎದಿ ಮುಟ್ಟಿ ಹೇಳ್ಯಾನ, ಹುಡುಗ್ರು ಜೋಕಾಲಿ ಆಡಿದ್ರೂ ಏನಾಗಂಗಿಲ್ಲ ಅಂತ. ಹ್ವಾದ ವರ್ಸ ಇದರ ಮ್ಯಾಲೇ ಹಾಕೇವಿ, ಸತ್ತೇವೇನ?”

“ಗಿರಿಜಾ, ಮನೀಗೆ ನಡಿ,” ಎಂದಳು ಅವ್ವ. ಅವಳಿಗೆ ನಾಲ್ಕು ಜನರ ಮುಂದೆ ಮಗಳು ಅರಚಿದ್ದೇ ದೊಡ್ಡದಾಗಿತ್ತು.

“ತಡಿ, ಇಕಿ ಹೆದರಿಕಿ ಬಿಡಸ್ತೀನಿ,” ಎನ್ನುತ್ತ ಫಕ್ಕೀರವ್ವ ಹಿಟ್ಟು ಮೆತ್ತಿದ ಕೈ ಒರೆಸದೆ ಎದ್ದಳು. “ನೋಡಿಲ್ಲೆ, ಮುಟ್ಟಿ ತೋರಸ್ತೀನಿ.”

ನನ್ನ ಬಳಿಯಿದ್ದ ಸತ್ಯ ಖರ್ಚಾಗಿ ಹೋಗಿತ್ತು. ಮಾರುವವನ ಬುಟ್ಟಿಯಲ್ಲಿ ಒಳ್ಳೆಯ ಮಾಲಿದ್ದೂ ಕೊಳ್ಳುವವರು ಕೊಳ್ಳದಿದ್ದರೆ ಏನು ಮಾಡಬೇಕು? ಅವರಿಗೆ ಯಾವುದು ನೋಯುತ್ತದೆ ಎಂದು ನೋಡಬೇಕು. ಆ ಗಳಿಗೆಯಲ್ಲಿ ಇದನ್ನೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಭಯದಲ್ಲಿ ಬಾಯಿ ತಾನೇ ಆರಿಸಿಕೊಂಡಿತು.

“ನಮ್ಮ ಆಯಿ ಹೇಳಿ ಕಳಿಸ್ಯಾಳ! ನಿಮ್ದು ರೇಶನ್ ಗೋದಿ ಶ್ಯಾವಿಗ್ಯಂತ, ಹುಳಾ ಬಿದ್ದ ಹಿಟ್ಟಂತ, ನಮ್ಮ ತಂತಿಗೆ ಹಚ್ಚಬ್ಯಾಡ್ರಂತ!”

ಫಕ್ಕೀರವ್ವನ ಕೈ ಗಾಳಿಯಲ್ಲೇ ನಿಂತಿತು. ಇದು ಎಂಥ ಮಾತು ಎಂದು ಊರಿನ ಆಚೆಯವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಎರಿಮಣ್ಣಿನಲ್ಲಿ ಮನೆಯ ಹೊಲದ ಜವಾರಿ ಗೋಧಿ ಬೆಳೆದು, ಕಲ್ಲು ಆರಿಸಿ, ಬೀಸಿ, ಮೂರು ಸಲ ಜರಡಿ ಹಿಡಿದು ನಾದಿದ ಹಿಟ್ಟನ್ನು ರೇಶನ್ ಹಿಟ್ಟು ಎನ್ನುವುದೆಂದರೆ ಆ ಮನೆಯ ಹೆಂಗಸಿನ ಮರ್ಯಾದೆಗೆ ಕೈ ಹಾಕಿದಂತೆ. ಶಾಂತವ್ವ ದೊಡ್ಡವ್ವ ನಿಧಾನವಾಗಿ ಸೆರಗು ಸೊಂಟಕ್ಕೆ ಸಿಗಿಸಿದಳು.

“ಯಾರಂದ್ರು?”

“ಆಯಿ.”

“ನಡೀರಬೇ ಎಲ್ಲಾರೂ. ಮುದುಕಿಗೆ ಜರಡಿ ತೋರಿಸಿ ಬರೂಣು.”

ಒಬ್ಬೊಬ್ಬರಾಗಿ ನಿಚ್ಚಣಿಕೆ ಇಳಿದರು, ಹಿಟ್ಟಿನ ಕೈಗಳಲ್ಲೇ. ಕೊನೆಗೆ ಅವ್ವ, ನಾಚಿಕೆಯಿಂದ ಕೆಂಪಾದ ಮುಖ, ಕೈಯಲ್ಲಿ ಇನ್ನೂ ಆ ಒದ್ದೆ ಅರಿವೆ. ಕೆಳಗಿಳಿದವಳೇ ನನ್ನ ರಟ್ಟೆ ಹಿಡಿದು ಚಿವುಟಿದಳು. ಅಷ್ಟು ಹಿತವಾದ ನೋವು ನನಗೆ ಮತ್ತೆಂದೂ ಆಗಿಲ್ಲ. ಆದರೆ ಭಯ ಮುಗಿದಿರಲಿಲ್ಲ. ಆಯಿ ಪಡಸಾಲೆಯಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ. “ನಾನೆಲ್ಲಿ ಅಂದೀನಿ?” ಎಂದು ಒಂದು ಮಾತು ಅಂದರೆ ಮುಗಿಯಿತು. ಇವರೆಲ್ಲ ನನ್ನ ಬೆನ್ನಿಗೆ ಎರಡು ಗುದ್ದಿ, ನಗುತ್ತ ವಾಪಸು ಹೋಗಿ ತಂತಿ ಒರೆಸುತ್ತಾರೆ. ನಾನು ಅವರಿಗಿಂತ ಮುಂದೆ ಓಡಿ ಮನೆ ಸೇರಲು ನೋಡಿದೆ, ಅವ್ವ ರಟ್ಟೆ ಬಿಡಲಿಲ್ಲ. ಎಲ್ಲರೂ ಒಟ್ಟಿಗೇ ಹೊಸ್ತಿಲು ದಾಟಿದೆವು.

“ಆಯಿ, ನಮ್ಮ ಹಿಟ್ಟು ರೇಶನ್ ಹಿಟ್ಟಂತ ಅಂದ್ರೇನು?” ಶಾಂತವ್ವ ದೊಡ್ಡವ್ವನ ದನಿಗೆ ತೊಲೆಯ ಮೇಲಿನ ಗುಬ್ಬಿಗಳು ಹಾರಿಹೋದವು.

ಆಯಿ ತಲೆ ಎತ್ತಿದಳು. ಶಾಂತವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಾಣಿಸಿತೋ. ನಾನು ಕಣ್ಣು ಕೂಡ ಅಲುಗಿಸಲಿಲ್ಲ. ಬಳ್ಳೊಳ್ಳಿಯ ಮೊರವನ್ನು ಬದಿಗೆ ಸರಿಸಿ, ಮೊಣಕಾಲ ಮೇಲೆ ಕೈ ಊರಿ ಎದ್ದು ನಿಂತಳು.

“ಹೌದು. ಅಂದೀನಿ. ಏನ್ ಮಾಡ್ತಿ?”

ಆಮೇಲೆ ಎದ್ದ ಗದ್ದಲದಲ್ಲಿ ಅವ್ವನ ಕೈ ಸಡಿಲವಾಯಿತು. ನಾನು ಆಯಿಯ ಬೆನ್ನ ಹಿಂದೆ ನುಸುಳಿದೆ. ಅವಳು ಬಾಯಿ ಅಷ್ಟೇ ತಿರುಗಿಸಿ ಪಿಸುಗುಟ್ಟಿದಳು.

“ಯಾಕ ಅಂದೆ ಲೇ ನಾ?”

“ತಂತ್ಯಾಗ ಕರೆಂಟ್ ಬಂದೈತಿ ಬೇ. ಅವ್ವ ಒರಸಾಕ ಹೊಂಟಿದ್ಲು.”

ಅವಳ ಕೈ ಹಿಂದಕ್ಕೆ ಬಂದು ನನ್ನನ್ನು ಒಳಗಿನ ಕಡೆ ತಳ್ಳಿತು. ಅಷ್ಟೇ. “ಫೋನ್ ಹಚ್ಚು,” ಎಂದಳು, ಮತ್ತೆ ಮುಂದಕ್ಕೆ ತಿರುಗಿದಳು. ನಾನು ಒಳಗೆ ಹೋಗಿ ಅಪ್ಪನಿಗೆ ಹಚ್ಚಿದೆ, ಹತ್ತಲಿಲ್ಲ. ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿಟ್ಟಿದ್ದ ಲೈನ್‌ಮನ್ನನ ನಂಬರಿಗೆ ಹಚ್ಚಿದೆ. ಅವನು ಪಕ್ಕದ ತಿರ್ಲಾಪುರದಲ್ಲಿದ್ದ, ಬರುತ್ತೇನೆ, ಅಲ್ಲಿಯ ತನಕ ಯಾರೂ ಮಾಳಿಗೆ ಹತ್ತಬಾರದು ಎಂದ. ಹೊರಗೆ ಆಯಿ ಜಗಳವನ್ನು ಬೆಳೆಸುತ್ತಿದ್ದಳು. ಬೆಳೆಸುವುದು ಎಂದೇ ಹೇಳಬೇಕು, ಒಲೆಗೆ ಕಟ್ಟಿಗೆ ಕೊಟ್ಟ ಹಾಗೆ. ಹಿಟ್ಟಿನ ಮಾತು ತಣ್ಣಗಾಯಿತೆನ್ನಿಸಿದರೆ ಶಾಂತವ್ವನ ಮದುವೆಯಲ್ಲಿ ಬಡಿಸಿದ ಬುಂದಿಯ ಮಾತು ತೆಗೆದಳು. ಅದು ಮುಗಿಯುವುದರಲ್ಲಿ ಫಕ್ಕೀರವ್ವನ ಎಮ್ಮೆ ನಮ್ಮ ಬಣವೆ ತಿಂದ ಕತೆ. “ಹಿಟ್ಟು ಒಣಗ್ತೈತಿ, ನಡೀರಿ,” ಎಂದು ಯಾರೋ ಹಿಂದಿನಿಂದ ಅಂದರು. ಶಾಂತವ್ವ ದೊಡ್ಡವ್ವ ಬಾಗಿಲ ಕಡೆ ತಿರುಗಿದಳು.

“ಹೋಗು, ಹೋಗು,” ಎಂದಳು ಆಯಿ. “ಜವಾಬು ಇಲ್ಲದಾಕಿ ಹೋಗಬೇಕ.”

ಶಾಂತವ್ವ ದೊಡ್ಡವ್ವ ತಿರುಗಿ ಬಂದಳು. “ಯಾರಿಗೆ ಜವಾಬಿಲ್ಲ?”

ಹಾಗೆ ಅವಳನ್ನು ಎಷ್ಟು ಸಲ ಬಾಗಿಲಿಂದ ಜಗ್ಗಿ ತಂದಳೋ. ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ: ಸಂತೆಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಳ್ಳಲು ಬರುವವರಿಗೆ ಸಾವನ್ನೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಲು ಬರುತ್ತದೆ.

ಮೋಟರ್‌ಸೈಕಲ್ಲಿನ ಸದ್ದಾಯಿತು. ಲೈನ್‌ಮನ್ ಬಸಣ್ಣ ಜಗಳದ ಕಡೆ ತಿರುಗಿಯೂ ನೋಡದೆ, ಶಾಂತವ್ವ ದೊಡ್ಡವ್ವನ ಮನೆಯ ಮುಂದೆ ಗಾಡಿ ನಿಲ್ಲಿಸಿ ಚೀಲದಿಂದ ಹೋಲ್ಡರಿಗೆ ಹಾಕಿದ ಒಂದು ಬಲ್ಬು ತೆಗೆದ. ಜಗಳ ಅವನ ಹಿಂದೆಯೇ ಓಣಿಗೆ ನಡೆದು ಬಂತು. ಬಲ್ಬಿನ ಒಂದು ವೈರನ್ನು ಹಸಿ ಮಣ್ಣಿಗೆ ಚುಚ್ಚಿದ, ಇನ್ನೊಂದನ್ನು ಒಣಗಿದ ಬಿದಿರಿನ ತುದಿಗೆ ಕಟ್ಟಿ ಮೇಲೆತ್ತಿ ನಮ್ಮ ಮಾತು ಹೋಗುವ ತಂತಿಗೆ ಮುಟ್ಟಿಸಿದ. ಹಾಡುಹಗಲಿನಲ್ಲಿ ಆ ಬಲ್ಬು ಹೊತ್ತಿಕೊಂಡಿತು.

ಫಕ್ಕೀರವ್ವ ತನ್ನ ಬಲಗೈಯನ್ನು ನೋಡಿಕೊಂಡಳು, ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಆಮೇಲೆ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಹಿಡಿದಳು. ಬಸಣ್ಣ ಬಿದಿರು ಇಳಿಸಿ, “ಒದ್ದಿ ಅರಿವಿ ಹಿಡಕೊಂಡು ಮುಟ್ಟಿದ್ರ ಕೈ ಬಿಡಸಾಕ ಆಗ್ತಿರ್ಲಿಲ್ಲ ನೋಡ್ರಿ. ಬಿಡಸಾಕ ಹೋದವ್ರೂ ಹೋಗ್ತಿದ್ರಿ,” ಎಂದು ಸಾದಾ ದನಿಯಲ್ಲಿ ಹೇಳಿ ಕಂಬದ ಕಡೆ ನಡೆದ. ಶಾಂತವ್ವ ದೊಡ್ಡವ್ವ ಆಯಿಯ ಹತ್ತಿರ ಬಂದಳು. ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು.

“ನಿನ್ನ ಹಿಟ್ಟು ಚಲೋ ಐತಿ ಬಿಡು,” ಎಂದಳು ಆಯಿ. “ಬುಂದಿ ಮಾತ್ರ ಖರೇನ ಹಳಸಿತ್ತು.”

ಮಧ್ಯಾಹ್ನ ಅವ್ವ ಒಲೆಯ ಮುಂದೆ ಕೂತಿದ್ದಳು. ಒಲೆ ಹೊತ್ತಿರಲಿಲ್ಲ. ನಾನು ಹೋಗಿ ಅವಳ ತೊಡೆಗೆ ತಲೆ ಇಟ್ಟೆ, ಮುಂಜಾನೆ ಚಿವುಟಿದ ಜಾಗವನ್ನು ಅವಳು ಹೆಬ್ಬೆರಳಿನಿಂದ ಸವರುತ್ತಿದ್ದಳು. ನಾನೇ ಕೇಳಿದೆ.

“ಅವ್ವಾ, ನಾ ಸುಳ್ಳ ಜಗಳಾ ಹಚ್ಚಿರಲಿಲ್ಲಂದ್ರ ನೀ ಇಳೀತಿದ್ದೇನು? ಕರೆಂಟ್ ಅಂತ ಮದಲ ಹೇಳಿದ್ನಲ್ಲ.”

ಅವಳು ಯೋಚಿಸಿದಳು. ನನ್ನ ಸಮಾಧಾನಕ್ಕೆ ಒಂದು ಉತ್ತರ ಕೊಡಬಹುದಿತ್ತು, ಕೊಡಲಿಲ್ಲ.

“ಇಲ್ಲ. ಒರಸ್ತಿದ್ದೆ. ನಿಮ್ಮಪ್ಪ ಅಷ್ಟು ಮಂದಿ ಮುಂದ ಮಾತು ಕೊಟ್ಟಾರಲ್ಲ. ನಾನ ಮುಟ್ಟಲಿಲ್ಲಂದ್ರ ಉಳದೋರು ಹೆಂಗ ನಂಬ್ತಾರ?”

ಕಂಬ ಹೊಡೆದಾಗ, ಫಕ್ಕೀರವ್ವ ಕೈ ಎತ್ತಿದಾಗ, ಬಲ್ಬು ಹೊತ್ತಿದಾಗ, ಒಮ್ಮೆಯೂ ನಾನು ಇಷ್ಟು ಹೆದರಿರಲಿಲ್ಲ. ಕೆಟ್ಟ ತಂತಿಯನ್ನು ಹುಡುಕಲು ನನಗೆ ಕಲಿಸಿದ್ದರು. ಒಂದು ಮನೆ ಓಗೊಡದಿದ್ದರೆ ತೊಂದರೆ ಎಲ್ಲಿದೆ ಎಂದು ಹೇಳಬಲ್ಲೆ. ಆದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾತಿನಲ್ಲಿ ಕರೆಂಟು ಬಂದು ಕೂತಾಗ ಅದನ್ನು ಯಾವ ಪರದೆ ತೋರಿಸುತ್ತದೆ? ಅದಕ್ಕೇ ಈಗಲೂ ಗಿರಾಕಿಗಳಿಗೆ ನಾನು ಏನೂ ಆಗುವುದಿಲ್ಲ ಎಂದು ಹೇಳುವುದಿಲ್ಲ. ಏನಾಗಬಹುದೋ ಅದನ್ನು ಮೊದಲು ಹೇಳಿ, ಆಮೇಲೆ ದರ ಹೇಳುತ್ತೇನೆ. ಧಂದೆ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

“ಅಪ್ಪಗ ಹೇಳೂಣೇನು?”

“ಹೇಳು. ಎಲ್ಲಾ ಹೇಳು.” ಅವ್ವ ಎದ್ದು ಒಲೆಗೆ ಕಡ್ಡಿ ಗೀರಿದಳು. “ಆದ್ರ ಉಂಡ ಮ್ಯಾಲೆ ಹೇಳು.”

ಸಂಜೆ ಅಪ್ಪ ಹೊಸ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಓಣಿಯಲ್ಲಿ ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಶಾಂತವ್ವ ದೊಡ್ಡವ್ವ ಕಟ್ಟೆಯ ಮೇಲಿಂದ ಎದ್ದು ಒಳಗೆ ಹೋದಳಂತೆ, ಅಷ್ಟೇ. ಅವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ತಾಟಿನ ಮುಂದೆ ಕೂತರು. ಅವ್ವ ಬಿಸಿ ರೊಟ್ಟಿ ಹಾಕಿದಳು, ಎಣ್ಣೆಗಾಯಿ ಹಾಕಿದಳು. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ಎದುರಿಗೆ ಕೂತು ಅಪ್ಪನ ಒಂದೊಂದು ತುತ್ತನ್ನೂ ನೋಡುತ್ತಿದ್ದೆ.

“ಯಾಕ ಎಲ್ಲಾರೂ ಸುಮ್ಮಕದೀರಿ?” ಎಂದರು ಅಪ್ಪ. “ಇವತ್ತ ನೆಟ್ ಹೆಂಗ ನಡೀತು?”

ಅವ್ವ ಬಾಗಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಮದಲ ಹೊಟ್ಟಿ ತುಂಬ ಉಣ್ರಿ.”